ಮಿರಗ ಕೂಡುವ ಮೊದಲು ಮಾಳಿಗೆ ಹತ್ತಿ ನೋಡಿ: ಮಣ್ಣಿನ ಮನೆ ರಿಪೇರಿ ನಾವೇ ಮಾಡಿಕೊಳ್ಳುವುದು ಹೇಗೆ?



ಹೆಸರು, ತೊಗರಿ, ಹತ್ತಿ ಬಿತ್ತನೆಗೆ ಬೀಜ-ಗೊಬ್ಬರ ಜೋಡಿಸುವ ದಿನಗಳಿವು. ಹೊಲದ ಕೆಲಸ ಏನೇನಿದೆ ಅಂತ ಎಲ್ಲರೂ ಮೊಬೈಲ್‌ನಲ್ಲಿ ಬರೆದಿಟ್ಟುಕೊಂಡಿರುತ್ತೀರಿ. ಮನೆ ಕೆಲಸ ಮಾತ್ರ ಸೋರಲು ಶುರುವಾದ ಮೇಲೇ ನೆನಪಾಗುತ್ತದೆ. ಈ ವಾರ ಬೆಳೆ ಬಿಟ್ಟು ಮನೆ ಬಗ್ಗೆ ಬರೆಯುತ್ತಿದ್ದೇನೆ.

ನಮ್ಮ ಮುದನಾಳದಲ್ಲಿ, ಹಾಗೇ ಯಾದಗಿರಿ, ಶಹಾಪುರ, ಸುರಪುರ ಕಡೆಯ ಹಳ್ಳಿಗಳಲ್ಲಿ ಹೊಸ ಆರ್‌ಸಿಸಿ ಮನೆಗಳ ಪಕ್ಕದಲ್ಲೇ ಮಣ್ಣಿನ ಮಾಳಿಗೆ ಮನೆಗಳು ಇನ್ನೂ ಇವೆ. ದಪ್ಪ ಕಲ್ಲಿನ ಗೋಡೆ, ಮೇಲೆ ತೊಲೆ, ತೊಲೆ ಮೇಲೆ ಜಂತಿ, ಜಂತಿ ಮೇಲೆ ಹಲಗೆ ಇಲ್ಲವೇ ಪರ್ಸಿ, ಅದರ ಮೇಲೆ ಮಣ್ಣು. ಬೇಸಿಗೆಯಲ್ಲಿ ಇಷ್ಟು ತಂಪಾದ ಮನೆ ಇನ್ನೊಂದಿಲ್ಲ. ಆದರೆ ಮಳೆಗಾಲದಲ್ಲಿ ಇದೇ ಮನೆಯ ಮೇಲೆ ಕಣ್ಣಿಡಬೇಕು.

ನಾನು ಓದಿದ್ದು ತೋಟಗಾರಿಕೆ, ಗೌಂಡಿ ಕೆಲಸ ಅಲ್ಲ. ಆದರೂ ಅಜ್ಜನ ಕಾಲದ ಮನೆಯ ರಿಪೇರಿಯನ್ನು ಕೆಲವು ವರ್ಷಗಳಿಂದ ನಾನೇ ಮಾಡುತ್ತಿದ್ದೇನೆ. ಅದರಿಂದ ತಿಳಿದದ್ದು ಇಷ್ಟು: ಮಣ್ಣಿನ ಮನೆ ರಿಪೇರಿಗೆ ಬೇಕಾದ ಮುಕ್ಕಾಲು ಜ್ಞಾನ ರೈತನ ಹತ್ತಿರ ಆಗಲೇ ಇದೆ. ಮಣ್ಣು ಯಾವುದು, ನೀರು ಎಲ್ಲಿ ಹರಿಯುತ್ತದೆ, ಎಲ್ಲಿ ನಿಲ್ಲುತ್ತದೆ ಅನ್ನೋದು ಗೊತ್ತಿದ್ದರೆ ಸಾಕು. ಹೊಲದ ಲೆಕ್ಕವನ್ನೇ ಮಾಳಿಗೆಗೆ ಹಾಕಬೇಕು, ಅಷ್ಟೇ.

ವರ್ಷಾ ಮಣ್ಣು ಹಾಕಿದರೂ ಯಾಕೆ ಅಪಾಯ?

"ವರ್ಷಾ ಮಣ್ಣ್ ಹಾಕ್ತೀವಿ, ಆದ್ರೂ ಯಾಕ್ ಸೋರ್ತದ?" ಅಂತ ನಮ್ಮ ಓಣಿಯ ಹುಡುಗರು ಕೇಳುತ್ತಾರೆ. ನಾನು ತಿರುಗಿ ಕೇಳುವುದು: ಹಾಕಿದ್ದು ಗೊತ್ತು, ತೆಗೆದದ್ದು ಯಾವಾಗ?

ಒಂದು ಲೆಕ್ಕ ನೋಡ್ರಿ. 10 ಅಡಿ ಅಗಲ, 12 ಅಡಿ ಉದ್ದದ ಒಂದು ಕೋಣೆ. ಅದರ ಮಾಳಿಗೆ ಮೇಲೆ ಒಂದೇ ಒಂದು ಇಂಚು ಮಣ್ಣು ಹಾಕಿದರೆ ಅದರ ತೂಕ ಸುಮಾರು 5 ಕ್ವಿಂಟಲ್. ಅಂದರೆ 50 ಕೆಜಿಯ 10 ಚೀಲ ಡಿಎಪಿ. ಹತ್ತು ವರ್ಷ, ವರ್ಷಕ್ಕೆ ಒಂದು ಇಂಚಿನಂತೆ ಹಾಕುತ್ತಾ ಬಂದು ಏನೂ ತೆಗೆಯದಿದ್ದರೆ 100 ಚೀಲದ ಭಾರ. ಮಳೆಯಲ್ಲಿ ಮಣ್ಣು ನೀರು ಕುಡಿದಾಗ ಈ ಭಾರ ಇನ್ನೂ ಹೆಚ್ಚುತ್ತದೆ. ಮಾಳಿಗೆ ಮೇಲೆ ಒಂದು ಇಂಚು ನೀರು ನಿಂತರೆ ಅದೇ ಕೋಣೆಯ ಮೇಲೆ ಸುಮಾರು 280 ಲೀಟರ್, ಅಂದರೆ 280 ಕೆಜಿ ಬೇರೆ. ಕೆಳಗಿರುವ ತೊಲೆ ಮಾತ್ರ ಅಜ್ಜನ ಕಾಲದ್ದು. ಅದರ ತುದಿ ಗೋಡೆಯೊಳಗೆ ಒರಲಿ ಹತ್ತಿ ಟೊಳ್ಳಾಗಿದ್ದರೂ ನಮಗೆ ಕಾಣುವುದಿಲ್ಲ.

ಇದು ಬರೀ ಲೆಕ್ಕದ ಮಾತಲ್ಲ. 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ವಾರದ ಮಳೆಯಲ್ಲಿ ಉತ್ತರ ಕರ್ನಾಟಕದ ಉದ್ದಗಲಕ್ಕೂ ಮಣ್ಣಿನ ಮನೆಗಳು ಕುಸಿದವು, ಎಷ್ಟೋ ಜನ ಮಲಗಿದಲ್ಲೇ ಸತ್ತರು. 2020ರ ಅಕ್ಟೋಬರ್‌ನಲ್ಲಿ ಭೀಮಾ ಉಕ್ಕಿದಾಗಲೂ ಕಲಬುರಗಿ, ಯಾದಗಿರಿ ಜಿಲ್ಲೆಗಳಲ್ಲಿ ಮನೆ ಬಿದ್ದವು. 1993ರ ಸೆಪ್ಟೆಂಬರ್ 30ರ ಕಿಲ್ಲಾರಿ ಭೂಕಂಪ ಹಿರಿಯರಿಗೆ ಇನ್ನೂ ನೆನಪಿದೆ. ಲಾತೂರ್ ಕಡೆಯ ಆ ಊರುಗಳಲ್ಲಿ ಅಷ್ಟು ಜನ ಸಾಯಲು ಮುಖ್ಯ ಕಾರಣ ನಮ್ಮಂಥದ್ದೇ ಮನೆಗಳು: ಮಣ್ಣಿನಲ್ಲಿ ಕಟ್ಟಿದ ದಪ್ಪ ಕಲ್ಲಿನ ಗೋಡೆ, ಅದರ ಮೇಲೆ ಅಡಿಗಟ್ಟಲೆ ಮಣ್ಣಿನ ಭಾರ.

ಆದ್ದರಿಂದ ಮೊದಲ ಪಾಠ: ಸೋರುವ ಮಾಳಿಗೆಗೆ ಮೊದಲ ಔಷಧ ಹೊಸ ಮಣ್ಣಲ್ಲ. ಭಾರ ಇಳಿಸುವುದು, ನೀರಿಗೆ ದಾರಿ ಮಾಡುವುದು.

ಮೊದಲು ಒಳಗಿಂದ ನೋಡಿ

ಮಾಳಿಗೆ ಹತ್ತುವ ಮೊದಲು ಒಂದು ತಾಸು ಮನೆಯೊಳಗೆ ಕಳೆಯಿರಿ. ಬೇಕಾಗುವ ಸಾಮಾನು: ಮೊಬೈಲ್ ಟಾರ್ಚ್, ಒಂದು ಸ್ಕ್ರೂಡ್ರೈವರ್, ನೂಲಿನ ದಾರ, ಪೆನ್ಸಿಲ್.

1. ಪ್ರತಿ ತೊಲೆಯ ಎರಡೂ ತುದಿ ನೋಡಿ. ತೊಲೆ ಗೋಡೆಯೊಳಗೆ ಹೋಗುವ ಜಾಗದಲ್ಲೇ ಮೊದಲು ಕೊಳೆಯುತ್ತದೆ. ಸ್ಕ್ರೂಡ್ರೈವರ್ ಒತ್ತಿ ನೋಡಿ. ಗಟ್ಟಿ ಕಟ್ಟಿಗೆಯಲ್ಲಿ ಇಳಿಯುವುದಿಲ್ಲ. ಬೆಣ್ಣೆಯಲ್ಲಿ ಇಳಿದಂತೆ ಇಳಿದರೆ ಅಲ್ಲಿ ಕಟ್ಟಿಗೆ ಮುಗಿದಿದೆ.

2. ತೊಲೆಯನ್ನು ತಟ್ಟಿ ನೋಡಿ. ಟಣ್ ಅಂದರೆ ಸರಿ. ಡಬ್ ಅಂದರೆ ಒಳಗೆ ಒರಲಿ ತಿಂದಿದೆ.

3. ತೊಲೆಯ ಕೆಳಗೆ ಈ ತುದಿಯಿಂದ ಆ ತುದಿಗೆ ದಾರ ಎಳೆದು ಬಿಗಿಯಾಗಿ ಹಿಡಿಯಿರಿ. ನಡುವೆ ತೊಲೆ ದಾರವನ್ನು ಎಷ್ಟು ಕೆಳಗೆ ಒತ್ತುತ್ತದೆ ಅನ್ನುವುದೇ ಅದರ ಬಾಗು. 10 ಅಡಿ ತೊಲೆ ಒಂದು ಇಂಚಿಗಿಂತ ಹೆಚ್ಚು ಬಾಗಿದ್ದರೆ ಬಡಿಗೇರರನ್ನು ಕರೆಸಿ.

4. ಗೋಡೆಯ ಬಿರುಕಿನ ಎರಡೂ ಕೊನೆಗೆ ಪೆನ್ಸಿಲ್‌ನಿಂದ ಗೆರೆ ಹಾಕಿ, ಪಕ್ಕದಲ್ಲೇ ತಾರೀಖು ಬರೆಯಿರಿ. ಒಂದು ರೂಪಾಯಿ ನಾಣ್ಯ ಪಕ್ಕಕ್ಕೆ ಹಿಡಿದು ಫೋಟೊ ತೆಗೆಯಿರಿ. ತಿಂಗಳ ನಂತರ ಅಲ್ಲೇ ನಿಂತು ಇನ್ನೊಂದು ಫೋಟೊ. ಬಿರುಕು ಗೆರೆ ದಾಟಿದ್ದರೆ ಅದು ಬೆಳೆಯುತ್ತಿರುವ ಬಿರುಕು. ಕಾರಣ ಹುಡುಕದೆ ಮೆತ್ತಿದರೆ ಉಪಯೋಗವಿಲ್ಲ. ದಾಟದಿದ್ದರೆ ಹಳೆಯದು, ತುಂಬಿದರೆ ಸಾಕು.

5. ಒಳಗೆ ನೀರಿನ ಕಲೆ ಎಲ್ಲೆಲ್ಲಿ ಇದೆಯೋ ಫೋಟೊ ತೆಗೆಯಿರಿ. ಮಾಳಿಗೆ ಹತ್ತಿದಾಗ ಅದೇ ಜಾಗ ಹುಡುಕಲು ಬೇಕು. ಆದರೆ ನೀರು ಜಂತಿಯ ಗುಂಟ ಹರಿದು ಬೇರೆ ಕಡೆ ಸೋರುವುದೂ ಉಂಟು, ಆದ್ದರಿಂದ ಕಲೆಯ ಸುತ್ತ ನಾಲ್ಕು ಅಡಿ ನೋಡಬೇಕು.

ಈ ಮೂರು ಕಂಡರೆ ಮಾತ್ರ ನೀವೇ ಕೈ ಹಾಕಬೇಡಿ: ಗೋಡೆ ಹೊಟ್ಟೆ ಬಿಟ್ಟಂತೆ ಹೊರಗೆ ಉಬ್ಬಿರುವುದು, ತೊಲೆ ಸೀಳಿರುವುದು, ಕಿರುಬೆರಳ ತುದಿ ತೂರುವಷ್ಟು ಅಗಲದ ಬಿರುಕು. ಆ ಕೋಣೆಯಲ್ಲಿ ಮಲಗುವುದನ್ನು ಇವತ್ತೇ ನಿಲ್ಲಿಸಿ, ಅನುಭವಿ ಗೌಂಡಿಗೆ ತೋರಿಸಿ. ಅಲ್ಲಿಯವರೆಗೆ ತೊಲೆಯ ಕೆಳಗೆ ಗಟ್ಟಿ ಕಂಬ ನಿಲ್ಲಿಸಿ, ಕಂಬದ ಬುಡಕ್ಕೆ ಒಂದು ಪರ್ಸಿ ತುಂಡು ಇಡಿ. ಬರೀ ನೆಲದ ಮೇಲೆ ನಿಲ್ಲಿಸಿದರೆ ಕಂಬ ಕುಸಿಯುತ್ತದೆ.

ಭಾರ ಇಳಿಸುವುದು

ಮಾಳಿಗೆಯ ಒಂದು ಮೂಲೆಯಲ್ಲಿ ಸಣ್ಣ ಗುಂಡಿ ತೆಗೆದು ಮಣ್ಣಿನ ದಪ್ಪ ಅಳೆಯಿರಿ. ನಾನು ಇಟ್ಟುಕೊಂಡ ಲೆಕ್ಕ ಹೀಗಿದೆ: 6ರಿಂದ 8 ಇಂಚು ಸಾಕು. ಒಂದು ಅಡಿ ದಾಟಿದ್ದರೆ ಹೊಸ ಮಣ್ಣು ಹಾಕುವ ಮಾತೇ ಬೇಡ, ಮೊದಲು ಕೆರೆದು ಇಳಿಸಬೇಕು.

ಇಳಿಸುವಾಗ ಕೆಲವು ಎಚ್ಚರಿಕೆ. ಒಣಗಿದ ದಿನವೇ ಮಾಡಿ, ಮಳೆ ಬಂದ ಮರುದಿನ ಬೇಡ. ಕೆಳಗಿನ ಕೋಣೆಯಲ್ಲಿ ಯಾರೂ ಇರಬಾರದು. ದುರ್ಬಲ ತೊಲೆಗೆ ಮೊದಲೇ ಕಂಬ ಕೊಡಿ. ಒಂದೇ ಕಡೆಯಿಂದ ಅಡಿ ಆಳ ತೆಗೆಯುತ್ತಾ ಹೋಗಬೇಡಿ. ಇಡೀ ಮಾಳಿಗೆಯಿಂದ ಎರಡೆರಡು ಇಂಚು ಸಮನಾಗಿ ಕೆರೆಯಿರಿ. ತೆಗೆದ ಮಣ್ಣನ್ನು ಮಾಳಿಗೆ ಮೇಲೆ ಗುಡ್ಡೆ ಹಾಕಬೇಡಿ, ಬುಟ್ಟಿ ಬುಟ್ಟಿ ಕೆಳಗಿಳಿಸಿ. ನಡೆಯುವಾಗ ತೊಲೆ ಇರುವ ಜಾಗದ ಮೇಲೆ ಹಲಗೆ ಹಾಸಿ ನಡೆಯಿರಿ. ಕರೆಂಟ್ ವೈರ್ ಮಾಳಿಗೆಗೆ ತಾಗುವಷ್ಟು ಕೆಳಗೆ ಬಂದಿದ್ದರೆ ಜೆಸ್ಕಾಂ ಲೈನ್‌ಮನ್‌ಗೆ ಹೇಳಿ ಸರಿ ಮಾಡಿಸಿದ ಮೇಲೇ ಹತ್ತಿ.

ಇಳಿಸಿದ ಮಣ್ಣನ್ನು ಹೊಲಕ್ಕೆ ಹಾಕಬಹುದಾ? ಹಳೆ ಮನೆ ಮಣ್ಣು ಒಳ್ಳೆ ಗೊಬ್ಬರ ಅನ್ನುವ ಮಾತು ಇದೆ. ಗೋಡೆಯ ಮಣ್ಣಿಗೆ ಅದು ಸರಿ ಇರಬಹುದು. ಮಾಳಿಗೆ ಮಣ್ಣಿಗೆ ಮಾತ್ರ ಮುಂದೆ ಹೇಳುವ ಪರೀಕ್ಷೆ ಮಾಡಿಯೇ ನಿರ್ಧಾರ ಮಾಡಿ.

ಹೊಲಕ್ಕೆ ಕೆಟ್ಟದ್ದು, ಮಾಳಿಗೆಗೆ ಒಳ್ಳೆಯದು

ನಮ್ಮ ಹಿರಿಯರು ಮಾಳಿಗೆಗೆ ಎಲ್ಲಿಯ ಮಣ್ಣೋ ತಂದು ಹಾಕುತ್ತಿರಲಿಲ್ಲ. ಸವಳು ಮಣ್ಣನ್ನೇ, ಅಂದರೆ ಕರಲು ಮಣ್ಣನ್ನೇ ಹುಡುಕಿ ತರುತ್ತಿದ್ದರು. ಹೊಲದಲ್ಲಿ ಬೆಳೆ ಬಾರದ ಮಣ್ಣು ಮಾಳಿಗೆಯಲ್ಲಿ ನೀರು ತಡೆಯುತ್ತದೆ. ಯಾಕೆ ಅಂತ ಮಣ್ಣು ವಿಜ್ಞಾನದಲ್ಲಿ ಸರಳ ಉತ್ತರ ಇದೆ.

ಒಳ್ಳೆ ಹೊಲದಲ್ಲಿ ಕ್ಯಾಲ್ಸಿಯಂ ಇರುತ್ತದೆ. ಅದು ಜೇಡಿಯ ಸಣ್ಣ ಕಣಗಳನ್ನು ಒಂದಕ್ಕೊಂದು ಹಿಡಿದು ಹರಳು ಮಾಡುತ್ತದೆ. ಹರಳುಗಳ ನಡುವೆ ಸಂದು ಇರುತ್ತದೆ, ನೀರು ಕೆಳಗೆ ಇಳಿಯುತ್ತದೆ, ಬೇರು ಉಸಿರಾಡುತ್ತದೆ. ಕರಲು ಮಣ್ಣಿನಲ್ಲಿ ಸೋಡಿಯಂ ಹೆಚ್ಚು. ಒದ್ದೆಯಾದ ಕೂಡಲೇ ಕಣಗಳು ಒಂದನ್ನೊಂದು ಬಿಟ್ಟು ಬಿಡಿಬಿಡಿಯಾಗಿ, ಸಂದುಗಳಲ್ಲಿ ಕೂತು ಮುಚ್ಚಿಬಿಡುತ್ತವೆ. ಮೇಲಿನ ಪದರ ಬಿಗಿಯಾಗುತ್ತದೆ. ಹೊಲದಲ್ಲಿ ಬೀಜ ಮೊಳೆಯಲು ಬಿಡದ ಆ ಬಿಗಿ ಪದರವೇ ಮಾಳಿಗೆಯಲ್ಲಿ ನೀರು ಒಳಗೆ ಬಿಡದ ಮುಚ್ಚಳ.

ನಾರಾಯಣಪುರ ಎಡದಂಡೆ ಕಾಲುವೆ ಕೆಳಗೆ ಸುರಪುರ, ಶಹಾಪುರ ಭಾಗದಲ್ಲಿ ಸವಳು-ಜವಳು ಭೂಮಿ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಆದರೆ ಬಿಳಿ ಉಪ್ಪು ಮೇಲೆ ಎದ್ದ ಮಣ್ಣೆಲ್ಲಾ ಮಾಳಿಗೆಗೆ ಬರುವುದಿಲ್ಲ. ಬರೀ ಉಪ್ಪು ಹೆಚ್ಚಿದ್ದರೆ ಕಣಗಳು ಬಿಡಿಯಾಗುವ ಬದಲು ಅಂಟಿಕೊಂಡೇ ಇರುತ್ತವೆ, ನೀರು ಇಳಿಯುತ್ತದೆ. ನಮಗೆ ಬೇಕಾದ್ದು ಕ್ಷಾರ ಮಣ್ಣು. ನಿಮ್ಮ ಮಣ್ಣು ಪರೀಕ್ಷೆ ಕಾರ್ಡಿನಲ್ಲಿ ಪಿಎಚ್ 8.5ಕ್ಕಿಂತ ಮೇಲೆ, ಲವಣಾಂಶ ತೋರಿಸುವ ಇಸಿ 4ಕ್ಕಿಂತ ಕಡಿಮೆ ಇದ್ದರೆ ಆ ಜಾಗದ ಮಣ್ಣನ್ನು ಪರೀಕ್ಷಿಸಿ ನೋಡಬಹುದು. ಕಾರ್ಡ್ ಇಲ್ಲದವರು ಭೀಮರಾಯನಗುಡಿ ಕೃಷಿ ಕಾಲೇಜು ಇಲ್ಲವೇ ಕವಡಿಮಟ್ಟಿ ಕೃಷಿ ವಿಜ್ಞಾನ ಕೇಂದ್ರದಲ್ಲಿ ಮಣ್ಣು ಪರೀಕ್ಷೆ ಬಗ್ಗೆ ವಿಚಾರಿಸಿ.

ಮನೆಯಲ್ಲೇ ಮಾಡುವ ಪರೀಕ್ಷೆ ಇನ್ನೂ ಸುಲಭ:

1. ಕಡಲೆಕಾಳಿನಷ್ಟು ದೊಡ್ಡ, ಚೆನ್ನಾಗಿ ಒಣಗಿದ ಮಣ್ಣಿನ ಹರಳು ತೆಗೆದುಕೊಳ್ಳಿ.
2. ಗಾಜಿನ ಲೋಟದಲ್ಲಿ ಫಿಲ್ಟರ್ ನೀರು ಇಲ್ಲವೇ ಮಳೆ ನೀರು ತುಂಬಿ. ಬೋರ್‌ವೆಲ್ ನೀರು ಬೇಡ. ಅದರಲ್ಲಿರುವ ಸುಣ್ಣದ ಅಂಶ ಫಲಿತಾಂಶ ಕೆಡಿಸುತ್ತದೆ.
3. ಹರಳನ್ನು ಮೆಲ್ಲಗೆ ನೀರಿಗೆ ಬಿಡಿ. ಕಲಕಬೇಡಿ, ಅಲುಗಾಡಿಸಬೇಡಿ.
4. ಎರಡು ತಾಸಿನ ನಂತರ ಮೊಬೈಲ್ ಟಾರ್ಚ್ ಹಿಡಿದು ಪಕ್ಕದಿಂದ ನೋಡಿ.

ಹರಳಿನ ಸುತ್ತ ಹಾಲು ಬೆರೆಸಿದಂತೆ ಮೋಡ ಹರಡಿದ್ದರೆ ಅದು ಮಾಳಿಗೆ ಮಣ್ಣು. ಹರಳು ಬರೀ ಕುಸಿದು ಪುಡಿಯಾಗಿ ಬಿದ್ದು, ನೀರು ತಿಳಿಯಾಗೇ ಇದ್ದರೆ ಅದು ಮಾಳಿಗೆಗೆ ಬೇಡ. ಇದೇ ಪರೀಕ್ಷೆಯನ್ನು ಹಳೆ ಮಾಳಿಗೆ ಮಣ್ಣಿಗೂ ಮಾಡಿ. ಮೋಡ ಎದ್ದರೆ ಆ ಮಣ್ಣನ್ನು ಹೊಲಕ್ಕೂ ಹಿತ್ತಲಿಗೂ ಹಾಕಬೇಡಿ, ಸೋಡಿಯಂ ಹೊತ್ತು ತಂದಂತೆ ಆಗುತ್ತದೆ. ಅದೇ ಮಣ್ಣನ್ನು ಜರಡಿ ಹಿಡಿದು ಮೇಲಿನ ಪದರಕ್ಕೆ ಮತ್ತೆ ಬಳಸಬಹುದು.

ಕರಲು ಭೂಮಿ ಸುಧಾರಿಸಲು ಜಿಪ್ಸಂ ಹಾಕುತ್ತೇವೆ, ಗೊತ್ತಲ್ಲ? ಅದರ ಕ್ಯಾಲ್ಸಿಯಂ ಸೋಡಿಯಂನ್ನು ಹೊರಗೆ ಹಾಕಿ ಮಣ್ಣನ್ನು ಮತ್ತೆ ಹರಳು ಮಾಡುತ್ತದೆ, ನೀರು ಇಳಿಯುತ್ತದೆ. ಹಾಗಾದರೆ ಮಾಳಿಗೆಯ ಕರಲು ಪದರಕ್ಕೆ ಜಿಪ್ಸಂ, ಪಿಒಪಿ, ಸುಣ್ಣ ಬೆರೆಸಬಾರದು ಅನ್ನುವುದೂ ತಿಳಿಯಿತು.

ಮೇಲ್ಮುದ್ದೆ ಹಾಕುವ ಕ್ರಮ

ಮೊದಲು ಇಳಿಜಾರು. 12 ಅಡಿ ಉದ್ದಕ್ಕೆ 3 ಇಂಚು ಇಳುಕಲು ಇರಲಿ. ಕಡಿಮೆ ಆದರೆ ನೀರು ನಿಲ್ಲುತ್ತದೆ, ಹೆಚ್ಚಾದರೆ ಕರಲು ಮಣ್ಣು ಕೊಚ್ಚಿ ಹೋಗುತ್ತದೆ. ನೀರಿನ ಪಾರದರ್ಶಕ ಪೈಪ್‌ನಿಂದ ಲೆವೆಲ್ ನೋಡಬಹುದು. ಇಲ್ಲವೇ ಆರು ಅಡಿಯ ನೇರ ಹಲಗೆ ಮೇಲೆ ಮೊಬೈಲ್ ಇಟ್ಟು ಲೆವೆಲ್ ಆ್ಯಪ್ ತೆರೆಯಿರಿ: ಒಂದು ಡಿಗ್ರಿಗಿಂತ ಸ್ವಲ್ಪ ಹೆಚ್ಚು ತೋರಿಸಿದರೆ ಸರಿ.

ಹಳೆ ಮೇಲ್ಮೈಯ ಹುಲ್ಲು, ಬೇರು ಪೂರ್ತಿ ಕಿತ್ತು ಹಾಕಿ. ಬೇರು ಸತ್ತು ಒಣಗಿದರೆ ಅದರ ದಾರಿಯೇ ನೀರಿನ ಪೈಪ್ ಆಗುತ್ತದೆ. ಇಲಿ ಬಿಲ ಇದ್ದರೆ ತೋಡಿ, ಒದ್ದೆ ಮಣ್ಣು ತುಂಬಿ, ಗುದ್ದಿ ಮುಚ್ಚಿ.

ನಂತರ ಕೆಳಗಿನ ಪದರದ ತಗ್ಗುಗಳನ್ನು ಗರಸು ಬೆರೆತ ಕೆಂಪು ಮಣ್ಣಿನಿಂದ ತುಂಬಿ ಬಡಿಯಿರಿ. ಎರೆ ಮಣ್ಣು ಮಾತ್ರ ಬೇಡ. ಒದ್ದೆಯಾದಾಗ ಉಬ್ಬುತ್ತದೆ, ಒಣಗಿದಾಗ ಬಾಯಿ ಬಿಡುತ್ತದೆ. ಹತ್ತಿ ಹೊಲದಲ್ಲಿ ಬೇಸಿಗೆಯ ಬಿರುಕು ನೋಡಿದ್ದೀರಲ್ಲ, ಮಾಳಿಗೆ ಮೇಲೂ ಅದೇ ಆಗುತ್ತದೆ.

ಮೇಲಿನ ಪದರಕ್ಕೆ ಜರಡಿ ಹಿಡಿದ ಕರಲು ಮಣ್ಣು, ಒಂದು ಇಂಚು ಸಾಕು. ಸ್ವಲ್ಪ ನೀರು ಚಿಮುಕಿಸಿ, ಮುಷ್ಟಿಯಲ್ಲಿ ಹಿಡಿದರೆ ಉಂಡೆ ಆಗಬೇಕು, ಕೈಗೆ ಅಂಟಬಾರದು. ಆ ಹದದಲ್ಲಿ ಹರಡಿ ಚಪ್ಪಟೆ ಕಟ್ಟಿಗೆಯಿಂದ ಬಡಿಯಿರಿ. ದಿಮ್ಮಸು ಜೋರಾಗಿ ಹಾಕಬೇಡಿ, ಹಳೆ ಜಂತಿಗೆ ಪೆಟ್ಟು ಬೀಳುತ್ತದೆ. ಕರಲು ಪದರ ಪ್ರತಿ ಮಳೆಯಲ್ಲೂ ಸ್ವಲ್ಪ ಸವೆಯುತ್ತದೆ. ಆದ್ದರಿಂದಲೇ ಇದು ವರ್ಷ ವರ್ಷ ನೋಡಿಕೊಳ್ಳುವ ಕೆಲಸ. ಸವೆದಷ್ಟು ಮಾತ್ರ ಹಾಕಬೇಕು, ಅದಕ್ಕಿಂತ ಹೆಚ್ಚು ಬೇಡ.

ಕೊನೆಗೆ ಕುಂಬಿ ಮತ್ತು ದೋಣಿ. ಹೆಚ್ಚು ಸೋರುವುದು ಮಾಳಿಗೆ ನಡುವೆ ಅಲ್ಲ, ಕುಂಬಿ ಮತ್ತು ಮಣ್ಣು ಕೂಡುವ ಮೂಲೆಯಲ್ಲಿ. ಆ ಮೂಲೆಯನ್ನು ಚೂಪಾಗಿ ಬಿಡದೆ ಮಣ್ಣಿನಿಂದ ಓರೆ ಮಾಡಿ ಒತ್ತಿ. ದೋಣಿ ಗೋಡೆಯಿಂದ ಕನಿಷ್ಠ ಎರಡು ಅಡಿ ಹೊರಗೆ ಚಾಚಿರಬೇಕು. ತುಂಡಾದ ಹಳೆ ದೋಣಿ ಬದಲಿಗೆ 4 ಇಂಚಿನ ಪಿವಿಸಿ ಪೈಪ್ ಕೂರಿಸಬಹುದು. ದೊಡ್ಡ ಮಾಳಿಗೆಗೆ ಒಂದು ಸಾಲದು, ಎರಡು ಇಡಿ. ಒಂದರ ಬಾಯಿ ಕಸ ತುಂಬಿ ಕಟ್ಟಿದರೂ ಇನ್ನೊಂದು ಉಳಿಸುತ್ತದೆ.

ಗೋಡೆಗೆ ಸಿಮೆಂಟ್ ಬಳಿಯಬೇಡಿ

ಮಣ್ಣಿನ ಗೋಡೆಗೆ, ಮಣ್ಣಿನಲ್ಲಿ ಕಟ್ಟಿದ ಕಲ್ಲಿನ ಗೋಡೆಗೆ ಸಿಮೆಂಟ್ ಪ್ಲಾಸ್ಟರ್ ಮಾಡಿಸುವುದು ಈಗ ಫ್ಯಾಶನ್. ಎರಡು-ಮೂರು ವರ್ಷದಲ್ಲಿ ಹಪ್ಪಳದಂತೆ ಎದ್ದು ಬೀಳುತ್ತದೆ. ಮಣ್ಣಿನ ಗೋಡೆ ತೇವ ಹೀರುತ್ತದೆ, ಬಿಡುತ್ತದೆ, ಸ್ವಲ್ಪ ಉಬ್ಬುತ್ತದೆ, ಕುಗ್ಗುತ್ತದೆ. ಸಿಮೆಂಟ್ ಅಲುಗುವುದಿಲ್ಲ. ಬಿರುಕಿನಿಂದ ಒಳಗೆ ಹೋದ ನೀರು ಹೊರಗೆ ಬರಲು ದಾರಿ ಇಲ್ಲದೆ ಗೋಡೆ ಒಳಗೇ ಮೆತ್ತಗಾಗುತ್ತದೆ. ಹೊರಗಿನಿಂದ ಗಟ್ಟಿ ಕಾಣುತ್ತದೆ, ಒಳಗೆ ಕೆಸರು.

ಮಣ್ಣಿನ ಗೋಡೆಗೆ ಮಣ್ಣೇ ಔಷಧ. ಒಂದು ಬುಟ್ಟಿ ಅಂಟು ಇರುವ ಕೆಂಪು ಮಣ್ಣು, ಎರಡು ಬುಟ್ಟಿ ಮರಳು, ಅರ್ಧ ಬುಟ್ಟಿ ಕತ್ತರಿಸಿದ ಭತ್ತದ ಹುಲ್ಲು ಇಲ್ಲವೇ ಹೊಟ್ಟು, ಜೊತೆಗೆ ಸೆಗಣಿ. ನೀರು ಹಾಕಿ ಕಾಲಲ್ಲಿ ತುಳಿದು ಒಂದು ವಾರ ಒದ್ದೆಯಾಗಿ ಇಡಿ, ಎರಡು ದಿನಕ್ಕೊಮ್ಮೆ ಮತ್ತೆ ತುಳಿಯಿರಿ. ಕೊಳೆತ ಹುಲ್ಲು-ಸೆಗಣಿಯ ಅಂಟು ಮಣ್ಣಿಗೆ ಸೇರುತ್ತದೆ, ನಾರು ಬಿರುಕು ತಡೆಯುತ್ತದೆ. ಕರಲು ಮಣ್ಣು ಗೋಡೆಗೆ ಬಳಸಬೇಡಿ. ಮಳೆ ಹೊಡೆದ ಕಡೆ ಕರಗಿ ಇಳಿಯುತ್ತದೆ.

ಇಡೀ ಗೋಡೆಗೆ ಬಳಿಯುವ ಮೊದಲು ಒಂದು ಅಡಿ ಚೌಕದ ನಾಲ್ಕು ತುಂಡು ಬಳಿದು ನೋಡಿ: ಒಂದು ಪಾಲು ಮಣ್ಣಿಗೆ ಒಂದು, ಒಂದೂವರೆ, ಎರಡು, ಎರಡೂವರೆ ಪಾಲು ಮರಳು. ಮೂರು ದಿನ ನೆರಳಲ್ಲಿ ಒಣಗಿದ ಮೇಲೆ ನೋಡಿ. ಬಿರುಕು ಬಿಟ್ಟದ್ದರಲ್ಲಿ ಮರಳು ಕಡಿಮೆ. ಕೈ ಉಜ್ಜಿದರೆ ಪುಡಿ ಉದುರುವುದರಲ್ಲಿ ಮರಳು ಹೆಚ್ಚು. ಎರಡೂ ಇಲ್ಲದ್ದೇ ನಿಮ್ಮ ಮಣ್ಣಿನ ಅಳತೆ. ಬಳಿಯುವ ಮೊದಲು ಗೋಡೆಯ ಸಡಿಲ ಮಣ್ಣು ಕೆರೆದು, ನೀರು ಚಿಮುಕಿಸಿ. ಒಣ ಗೋಡೆ ಹೊಸ ಮಣ್ಣಿನ ನೀರು ಹೀರಿಬಿಡುತ್ತದೆ, ಹಿಡಿಯುವುದಿಲ್ಲ.

ಗೋಡೆ ಬುಡ ಒಣಗಿರಲಿ

ಒಂದು ಚದರ ಮೀಟರ್ ಮಾಳಿಗೆ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. 40 ಚದರ ಮೀಟರ್ ಮಾಳಿಗೆ ಮೇಲೆ 50 ಮಿ.ಮೀ. ಮಳೆ ಆದರೆ 2,000 ಲೀಟರ್. ಅದೆಲ್ಲಾ ದೋಣಿಯಿಂದ ಒಂದೇ ಜಾಗಕ್ಕೆ ಬೀಳುತ್ತದೆ. ಅಲ್ಲಿ ಪರ್ಸಿ ತುಂಡು ಹಾಸಿ, ಗೋಡೆಯಿಂದ ದೂರ ಕಾಲುವೆ ತೆಗೆಯಿರಿ. ಮನೆ ಸುತ್ತ ಮೂರು ಅಡಿ ಅಗಲ ಗರಸು ಹಾಕಿ ಬಡಿದು, ಹೊರಗೆ ಇಳಿಜಾರು ಮಾಡಿ. ಮೂರು ಅಡಿಗೆ 2 ಇಂಚು ಇಳುಕಲು ಸಾಕು. ಒಂದು ಟ್ರ್ಯಾಕ್ಟರ್ ಗರಸಿನಲ್ಲಿ ಮುಗಿಯುವ ಕೆಲಸ ಇದು, ಆದರೆ ಗೋಡೆಯ ಆಯಸ್ಸು ಹೆಚ್ಚಿಸುವುದು ಇದೇ.

ಎರೆ ಭೂಮಿಯ ಮೇಲೆ ಮನೆ ಇದ್ದವರು ಇನ್ನೂ ಹೆಚ್ಚು ಎಚ್ಚರ ವಹಿಸಿ. ಗೋಡೆಯ ಒಂದು ಬದಿ ಒದ್ದೆ, ಇನ್ನೊಂದು ಬದಿ ಒಣ ಇದ್ದರೆ ಒಂದು ಕಡೆ ನೆಲ ಉಬ್ಬಿ ಗೋಡೆ ಸೀಳುತ್ತದೆ. ಬಚ್ಚಲ ನೀರು ಗೋಡೆ ಬುಡಕ್ಕೆ ಬಿಡುವುದೇ ಬಹಳ ಮನೆಗಳ ಬಿರುಕಿಗೆ ಕಾರಣ. ಆ ನೀರನ್ನು ಪೈಪ್‌ನಲ್ಲಿ ಕನಿಷ್ಠ 10 ಅಡಿ ದೂರ ಒಯ್ಯಿರಿ. ಎರೆ ಮಣ್ಣಿನಲ್ಲಿ ಇಂಗು ಗುಂಡಿ ಬೇಗ ತುಂಬಿ ನಿಲ್ಲುತ್ತದೆ. ಅದಕ್ಕಿಂತ ಉದ್ದನೆಯ ಆಳವಿಲ್ಲದ ಕಾಲುವೆ ತೆಗೆದು, ಜಲ್ಲಿ ಹಾಕಿ, ಎರಡೂ ಬದಿ ಬಾಳೆ ಹಚ್ಚಿ. ಬಾಳೆ ಎಷ್ಟು ನೀರಾದರೂ ಕುಡಿಯುತ್ತದೆ, ಹಣ್ಣೂ ಸಿಗುತ್ತದೆ. ಸೊಪ್ಪು, ಗಜ್ಜರಿ, ಮೂಲಂಗಿಯಂಥ ಹಸಿ ತಿನ್ನುವ ಬೆಳೆಗೆ ಮಾತ್ರ ಬಚ್ಚಲ ನೀರು ಬೇಡ. ಬಚ್ಚಲು ಗುಂಡಿಗೆ ಸರ್ಕಾರದ ನೆರವು ಸಿಗುತ್ತದಾ ಅಂತ ಗ್ರಾಮ ಪಂಚಾಯಿತಿಯಲ್ಲಿ ವಿಚಾರಿಸಿ.

ಪರ್ಸಿ, ಆರ್‌ಸಿಸಿ, ತಗಡಿನ ಮನೆಯವರಿಗೆ

ಶಾಬಾದ ಪರ್ಸಿ ಮಾಳಿಗೆ ಸೋರುವುದು ಕಲ್ಲಿನಲ್ಲಿ ಅಲ್ಲ, ಸಂದಿಯಲ್ಲಿ. ಸಂದಿಯ ಹಳೆ ಗಚ್ಚು ಅರ್ಧ ಇಂಚಾದರೂ ಆಳ ಕೆರೆದು, ಧೂಳು ತೆಗೆದು, ಒದ್ದೆ ಮಾಡಿ, ಒಂದು ಪಾಲು ಸಿಮೆಂಟ್‌ಗೆ ಮೂರು ಪಾಲು ಮರಳು ಕಲಸಿ ಒತ್ತಿ ತುಂಬಿ. ಏಳು ದಿನ ಒದ್ದೆ ಗೋಣಿ ಚೀಲ ಹೊದಿಸಿ. ಮೇಲೆ ಮೇಲೆ ಸವರಿದರೆ ಒಂದೇ ಬೇಸಿಗೆಗೆ ಕಿತ್ತು ಬರುತ್ತದೆ.

ಆರ್‌ಸಿಸಿ ಮಾಳಿಗೆಯ ಕೆಳಗೆ ಕಬ್ಬಿಣ ಕಂಡು, ಸಿಮೆಂಟ್ ಚೂರು ಬೀಳುತ್ತಿದ್ದರೆ ಸುಮ್ಮನೆ ಮೆತ್ತಬೇಡಿ. ತುಕ್ಕು ಹಿಡಿದ ಕಬ್ಬಿಣ ಉಬ್ಬಿ ಮತ್ತೆ ಒಡೆಯುತ್ತದೆ. ಇದಕ್ಕೆ ತಿಳಿದವರೇ ಬೇಕು.

ತಗಡಿನ ಶೆಡ್‌ನಲ್ಲಿ ಮೊಳೆ, ಬೋಲ್ಟ್ ಜಾಗದಲ್ಲೇ ಸೋರುತ್ತದೆ. ರಬ್ಬರ್ ವಾಷರ್ ಒಣಗಿ ಒಡೆದಿರುತ್ತದೆ, ಅದನ್ನು ಬದಲಿಸಿ. ಹೊಸ ಬೋಲ್ಟ್ ಹಾಕುವುದಿದ್ದರೆ ತಗಡಿನ ಉಬ್ಬಿನ ಮೇಲೆ ಹಾಕಿ, ನೀರು ಹರಿಯುವ ತಗ್ಗಿನಲ್ಲಿ ಬೇಡ.

ಈ ಮೂರೂ ಬಗೆಯ ಮಾಳಿಗೆ ಬೇಸಿಗೆಯಲ್ಲಿ ಕಾದ ಹೆಂಚು. ಅದಕ್ಕೆ ಕಡಿಮೆ ಖರ್ಚಿನ ಉಪಾಯ ಸುಣ್ಣ. ಬಿಳಿ ಬಣ್ಣ ಬಿಸಿಲನ್ನು ವಾಪಸ್ ಕಳಿಸುತ್ತದೆ. ಪಕ್ಕದ ತೆಲಂಗಾಣ 2023ರಲ್ಲಿ ತಂಪು ಮಾಳಿಗೆಗೆಂದೇ ಒಂದು ನೀತಿ ತಂದಿದೆ. ಒಂದು ಕೆಜಿ ಸುಟ್ಟ ಸುಣ್ಣಕ್ಕೆ ಸುಮಾರು 5 ಲೀಟರ್ ನೀರಿನ ಲೆಕ್ಕದಲ್ಲಿ ಎರಡು ದಿನ ನೆನೆಸಿ, ಬಟ್ಟೆಯಲ್ಲಿ ಸೋಸಿ. 10 ಲೀಟರ್ ಸುಣ್ಣದ ನೀರಿಗೆ 40 ಗ್ರಾಂ ಗೋಂದನ್ನು ಬಿಸಿನೀರಲ್ಲಿ ಕರಗಿಸಿ ಬೆರೆಸಿ. ಗುಡಿಸಿ ತೊಳೆದ ಮಾಳಿಗೆಗೆ ಸಂಜೆ ಹೊತ್ತು ಎರಡು-ಮೂರು ಸಲ ಬಳಿಯಿರಿ. ಮಣ್ಣಿನ ಮಾಳಿಗೆಗೆ ಇದು ಬೇಡ, ಕಾರಣ ಮೇಲೆ ಹೇಳಿದ್ದೇನೆ.

ಬೋರ್ಡೋ ದ್ರಾವಣ ಮಾಡಿದವರಿಗೆ ಸುಣ್ಣದ ಬಿಸಿ ಗೊತ್ತು. ನೀರಿಗೆ ಸುಣ್ಣ ಸ್ವಲ್ಪ ಸ್ವಲ್ಪ ಹಾಕಬೇಕು, ಸುಣ್ಣದ ಮೇಲೆ ನೀರು ಸುರಿಯಬಾರದು. ಪ್ಲಾಸ್ಟಿಕ್ ಬಕೆಟ್ ಬೇಡ, ಕಬ್ಬಿಣದ ಡ್ರಮ್ ಇರಲಿ. ಕಣ್ಣಿಗೆ ಕನ್ನಡಕ ಬೇಕೇ ಬೇಕು, ಮಕ್ಕಳು ದೂರ ಇರಲಿ. ಕಣ್ಣಿಗೆ ಸಿಡಿದರೆ ಉಜ್ಜದೆ, ಹದಿನೈದು-ಇಪ್ಪತ್ತು ನಿಮಿಷ ಹರಿಯುವ ನೀರಲ್ಲಿ ತೊಳೆದು ಕೂಡಲೇ ಆಸ್ಪತ್ರೆಗೆ ಹೋಗಿ.

ಮಳೆ ಹಿಡಿದಾಗ

ಉತ್ತರಿ, ಹಸ್ತ, ಚಿತ್ತಿ ಮಳೆಗಳು ಎರಡು-ಮೂರು ದಿನ ಬಿಡದೆ ಹಿಡಿದಾಗಲೇ ಮನೆ ಬೀಳುವುದು ಹೆಚ್ಚು. ಮಣ್ಣು ಪೂರ್ತಿ ನೀರು ಕುಡಿದಿರುತ್ತದೆ. ಆಗ ಮಾಳಿಗೆ ಹತ್ತಿ ಮಣ್ಣು ಹಾಕಲು ಹೋಗಬೇಡಿ, ಮೊದಲೇ ಭಾರ ಇದೆ, ನಿಮ್ಮ ಭಾರವೂ ಸೇರುತ್ತದೆ. ತಾಡಪತ್ರಿ ಹೊದಿಸುವುದಿದ್ದರೆ ಮಳೆ ಹಿಡಿಯುವ ಮೊದಲೇ ಹೊದಿಸಿ. ಬಿಸಿಲು ಬಂದ ಕೂಡಲೇ ತೆಗೆಯಿರಿ, ಜಂತಿ ಉಸಿರಾಡಲಿ.

ಮೇಲಿಂದ ಮಣ್ಣು ಉದುರುವುದು, ತೊಲೆ ಕಟಕಟ ಅನ್ನುವುದು, ದಿನವೂ ಹಾಕುವ ಬಾಗಿಲು ಇದ್ದಕ್ಕಿದ್ದಂತೆ ಹತ್ತದಿರುವುದು. ಇವು ಮನೆ ಕೊಡುವ ಎಚ್ಚರಿಕೆ. ಇದರಲ್ಲಿ ಒಂದು ಕಂಡರೂ ಸಾಮಾನು ನೋಡದೆ ಜನ, ದನ ಹೊರಗೆ ಬರಬೇಕು. ರಾತ್ರಿ ಆದರೂ ಸರಿ. ಗುಡಿ, ಶಾಲೆ, ಪಕ್ಕದ ಮನೆ ಎಲ್ಲಾದರೂ ಮಲಗಬಹುದು. ಗೋಡೆ ಬಿದ್ದರೆ ತೆರವು ಮಾಡುವ ಮೊದಲು ಫೋಟೊ ತೆಗೆದು ಗ್ರಾಮ ಆಡಳಿತ ಅಧಿಕಾರಿಗೆ, ತಹಶೀಲ್ದಾರ್ ಕಚೇರಿಗೆ ತಿಳಿಸಿ. ಮೇ ತಿಂಗಳಲ್ಲಿ ತೆಗೆದ ಫೋಟೊಗಳೂ ಜೊತೆಗಿದ್ದರೆ ಮನೆ ಮೊದಲು ಹೇಗಿತ್ತು ಅಂತ ತೋರಿಸಲು ಬರುತ್ತದೆ.

ಮೊಬೈಲ್‌ನಲ್ಲಿ ಬರೆದಿಟ್ಟುಕೊಳ್ಳಿ

- ಮೇ ಎರಡನೇ ವಾರ: ತೊಲೆ, ಬಿರುಕು ನೋಡುವುದು, ಫೋಟೊ, ಮಣ್ಣಿನ ದಪ್ಪ ಅಳೆಯುವುದು.
- ಮೇ ಮೂರನೇ ವಾರ: ಭಾರ ಇಳಿಸುವುದು, ಮಣ್ಣು ಪರೀಕ್ಷೆ, ಗೋಡೆಗೆ ಮಣ್ಣು ತುಳಿದು ಇಡುವುದು.
- ರೋಹಿಣಿ ಮಳೆ ಕೂಡುವುದರೊಳಗೆ: ಇಳಿಜಾರು, ಮೇಲ್ಮುದ್ದೆ, ದೋಣಿ.
- ಮಿರಗಕ್ಕೆ ಮೊದಲು: ಗೋಡೆ ಮೆತ್ತುವುದು, ಬುಡಕ್ಕೆ ಗರಸು, ಬಚ್ಚಲ ನೀರಿನ ಪೈಪ್.
- ಮೊದಲ ದೊಡ್ಡ ಮಳೆಯ ಮರುದಿನ: ಒಳಗೆ ಹೊಸ ಕಲೆ ಇದೆಯಾ, ಬಿರುಕು ಗೆರೆ ದಾಟಿದೆಯಾ ನೋಡುವುದು.
- ಆಗಸ್ಟ್ ಕೊನೆ: ದೋಣಿಯ ಕಸ, ಮಾಳಿಗೆಯ ಹುಲ್ಲು ತೆಗೆಯುವುದು.

ಇಬ್ಬರು ಸೇರಿದರೆ ಒಂದು ಸಣ್ಣ ಮನೆಗೆ ನಾಲ್ಕೈದು ದಿನದ ಕೆಲಸ. ಮಣ್ಣು, ಗರಸು, ಪೈಪ್ ಬಿಟ್ಟರೆ ದೊಡ್ಡ ಖರ್ಚಿಲ್ಲ. ಮನೆಯಲ್ಲಿ ಹಿರಿಯರಿದ್ದರೆ ಕರಲು ಮಣ್ಣು ಯಾವ ಹೊಲದಿಂದ ತರುತ್ತಿದ್ದರು ಅಂತ ಒಮ್ಮೆ ಕೇಳಿ, ಜಾಗ ಅವರಿಗೆ ಗೊತ್ತಿರುತ್ತದೆ. ಲೋಟದ ನೀರಿನ ಪರೀಕ್ಷೆ ನೀವು ಮಾಡಿ ತೋರಿಸಿ.